ಸಂಜೆ ಬಸ್ಸು ಅಕ್ಕ

ಬೋಮಿ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದಾಗ ಜೇಬಿನ ಫೋನು ಗುಂಯ್‌ಗುಟ್ಟತೊಡಗಿತು. ಒಂದು ಸಲ ಅಲ್ಲ, ಜೇನುಗೂಡಿಗೆ ಯಾರೋ ಕಲ್ಲು ಹೊಡೆದ ಹಾಗೆ. 'ಹನ್ನೊಂದನೇ ತಿರುವು' ಎಂಬ ಕಾರು ರೇಸಿನ ಧಾರಾವಾಹಿಯ ಟೀಸರ್ ಬಂದಿದೆ ಎಂದು ನೋಡದೆಯೇ ಅವಳಿಗೆ ಗೊತ್ತಾಯಿತು.

ವೊಂಜು ಪೇಟೆಯಲ್ಲಿ ಆ ಹೊತ್ತಿಗೆ ಗಿರಾಕಿಗಳು ಕಡಿಮೆ. ಕೌಂಟರಿನ ಹಿಂದೆ ಕುಳಿತು ಚಾಟ್ ರೂಮು ತೆರೆದಳು. ನಾಯಕ ಬಾನ್ ದೋಗ್ಯಮ್‌ನ ಅಭಿಮಾನಿಗಳು ಸೇರುವ ರೂಮು ಅದು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಬೋಮಿಯ ಹೆಸರು 'ಬೆಳ್ಳುಳ್ಳಿ ಬ್ರೆಡ್ಡು'. ರೂಮಿನ ಯಜಮಾನಿ 'ದೊಡ್ಡ ಮೂಲಂಗಿ'.

"ಸ್ಟೀರಿಂಗ್ ಹಿಡಿದಿರೋ ಆ ಕೈ ನೋಡಿದ್ರಾ? ನಾನಂತೂ ಸತ್ತೆ. ನನ್ನ ಬೆಕ್ಕನ್ನ ಯಾರಾದ್ರೂ ಸಾಕ್ಕೊಳ್ಳಿ," ಎಂದು ದೊಡ್ಡ ಮೂಲಂಗಿ ಬರೆದಿದ್ದಳು.

"ಕೈ ಅವನದೇ ಅಕ್ಕ. ಕಾರು ಓಡಿಸಿದ್ದು ಮಾತ್ರ ಬೇರೆ ಯಾರೋ," ಎಂದು ಒಬ್ಬಳು ಕೆಣಕಿದಳು.

"ಯಾರ್ರೀ ಅದು ಬಾಯಿಗೆ ಬಂದಿದ್ದು ಹೇಳೋದು? ಚಳಿಗಾಲವೆಲ್ಲ ಕಲಿತಿದ್ದಾನೆ ಅವನು!"

ಜಗಳ ಕಾವೇರುವಷ್ಟರಲ್ಲಿ 'ಸಂಜೆ ಬಸ್ಸು' ಎಂಬ ಹೆಸರಿನಿಂದ ಒಂದು ಮೆಸೇಜು ಬಂತು. "ತಿರುವು ಬರೋ ಮುಂಚೆ ಅವನು ಪಕ್ಕದ ಸೀಟು ನೋಡಿದ, ಗಮನಿಸಿದ್ರಾ? ಅಲ್ಲಿ ಯಾರೂ ಇಲ್ಲ. ಈ ಕಥೇಲಿ ರೇಸಿಗಿಂತ ಅಳೋದೇ ಜಾಸ್ತಿ. ಟವೆಲ್ ರೆಡಿ ಇಟ್ಕೊಳ್ಳಿ."

ಬೋಮಿ ಒಬ್ಬಳೇ ನಕ್ಕಳು. ಎಲ್ಲರೂ ನಾಯಕನ ಮುಖ ನೋಡಿದರೆ ಸಂಜೆ ಬಸ್ಸು ಅಕ್ಕ ಮಾತ್ರ ಅವನು ಎತ್ತ ನೋಡುತ್ತಾನೆ ಎಂದು ನೋಡುತ್ತಿದ್ದಳು.

ಆ ರೂಮಿನಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕ. ವಯಸ್ಸು ಕೇಳುವ ಹಾಗಿಲ್ಲ. ಕೇಳಿದರೆ ಯಾರು ದೊಡ್ಡವರು, ಯಾರು ಯಾರಿಗೆ ತಗ್ಗಿ ಮಾತಾಡಬೇಕು ಎಂಬ ಲೆಕ್ಕ ಶುರುವಾಗಿ ಹರಟೆಯ ರುಚಿಯೇ ಕೆಟ್ಟುಹೋಗುತ್ತದೆ. ಬರುವವರೆಲ್ಲ ಹೆಂಗಸರು ತಾನೇ ಎಂದು ಹೊಸಬರು ಕಾಲಿಟ್ಟ ಕೂಡಲೆ "ಬಾ ಅಕ್ಕ" ಎನ್ನುವುದು ರೂಢಿ.

ಮದುವೆಯ ಮಾತು ಮುರಿದುಬಿದ್ದ ಚಳಿಗಾಲದಲ್ಲಿ ಬೋಮಿ ತನ್ನ ನಿಜವಾದ ಹೆಸರು ಹೇಳಿ ಈ ಅಕ್ಕನಿಗೆ ಬೇರೆಯಾಗಿ ಬರೆಯತೊಡಗಿದ್ದಳು. ಮಾತು ಮುರಿದವಳು ತಾನೇ ಎಂದು ತಾಯಿಗೂ ಹೇಳಿರಲಿಲ್ಲ, ಅಕ್ಕನಿಗೆ ಹೇಳಿದ್ದಳು. ಆ ಮನುಷ್ಯ ಕೆಟ್ಟವನಲ್ಲ, ಆದರೆ ಅವನ ಎದುರು ಕುಳಿತರೆ ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ ಎಂದಿದ್ದಳು. ಅಕ್ಕ ಬುದ್ಧಿ ಹೇಳಲಿಲ್ಲ. "ಊಟ ಆಯ್ತಾ?" ಎಂದಷ್ಟೇ ಕೇಳಿದ್ದಳು. ಅವತ್ತು ಬೋಮಿ ಸೋಯಾ ಸಾರಿಗೆ ಅನ್ನ ಕಲಸಿಕೊಂಡು ಅಳುತ್ತಲೇ ಹೊಟ್ಟೆ ತುಂಬ ಉಂಡಿದ್ದಳು.

ಟೀಸರ್ ಬಂದ ಸಂಜೆ ಸಂತೋಷದ ಭರದಲ್ಲಿ ಅವಳು ಬರೆದಳು: "ಅಕ್ಕ, ನಿಮ್ಮ ಹಾಗೆ ಮಾತಾಡೋ ಗಂಡಸು ಒಬ್ಬ ಸಿಕ್ಕಿದ್ರೆ ನಾಳೆನೇ ಅವನ ಹಿಂದೆ ಹೋಗಿಬಿಡ್ತೀನಿ."

ಅಕ್ಕ ಓದಿದ್ದು ಗೊತ್ತಾಯಿತು. ಉತ್ತರ ಬರಲಿಲ್ಲ. ಮಾರನೆಯ ದಿನವಿಡೀ ಬರಲಿಲ್ಲ. ಕೊನೆಗೆ ಬಂದದ್ದು ಇಷ್ಟು: "ಕಾಫಿ ಟ್ರಕ್ ದಿನ ನಾನೂ ಬರ್ತೀನಿ. ಎದುರಿಗೇ ಹೇಳಬೇಕಾದ ಒಂದು ಮಾತಿದೆ."

ಬೋಮಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಅಕ್ಕನಿಗೆ ಕಾಯಿಲೆಯೇ? ಊರು ಬಿಟ್ಟು ಹೋಗುತ್ತಾಳೆಯೇ? ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದೇ ಒಬ್ಬಳು. ಅವಳೂ ಹೋದರೆ?

ಶೂಟಿಂಗ್ ನಡೆಯುವಲ್ಲಿಗೆ ಅಭಿಮಾನಿಗಳು ಸೇರಿ ಒಂದು ಕಾಫಿ ಟ್ರಕ್ ಕಳಿಸುತ್ತಾರೆ. ಟ್ರಕ್ಕಿನ ನೆತ್ತಿಯ ಮೇಲೆ ನಾಯಕನ ಬ್ಯಾನರು, ಲೋಟಗಳ ಸುತ್ತ ಅವನ ಮುಖ, ಕೆಲಸದವರಿಗೆಲ್ಲ ಪುಕ್ಕಟೆ ಕಾಫಿ. ನಮ್ಮವನನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಬೀಗರಿಗೆ ಬುತ್ತಿ ಕಳಿಸಿದ ಹಾಗೆ. ಇನ್ಜೆಯ ಬೆಟ್ಟಗಳ ನಡುವಿನ ರೇಸ್ ಟ್ರ್ಯಾಕಿನ ಹಿಂಬದಿಯಲ್ಲಿ ಬೋಮಿ ಏಪ್ರನ್ ಕಟ್ಟಿ ನಿಂತಳು. ಗೋಡೆಯಾಚೆ ಕಾರುಗಳು ಒಂದೊಂದು ಸಲ ಆಕಾಶ ಹರಿದಂತೆ ಹಾದುಹೋಗುತ್ತಿದ್ದವು. ಅಕ್ಕನಿಗೆಂದು ಒಂದು ಲೋಟ ಯುಜಾ ಹಣ್ಣಿನ ಚಹಾ, ಮೇಲೆ 'ಸಂಜೆ ಬಸ್ಸು' ಎಂದು ಬರೆದು, ಬೇರೆ ಇಟ್ಟಿದ್ದಳು. ಅಕ್ಕ ಮಧ್ಯಾಹ್ನದ ಮೇಲೆ ಕಾಫಿ ಕುಡಿಯುವುದಿಲ್ಲ.

ಸರತಿಯಲ್ಲಿ ಎತ್ತರದ ಒಬ್ಬ ಯುವಕ ಬಂದ. ನೀಲಿ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಎರಡೂ ಕಿವಿ ಕೆಂಪಾಗಿದ್ದವು.

"ಯಾವ ಕಡೆಯವರು? ಲೈಟಾ, ಕ್ಯಾಮೆರಾನಾ?" ಎಂದು ಬೋಮಿ ಕೇಳಿದಳು.

"ಯಾವ ಕಡೆನೂ ಅಲ್ಲ."

"ಹಾಗಾದ್ರೆ ಕಾಫಿ ಇಲ್ಲ. ಇದು ಕೆಲಸ ಮಾಡೋರಿಗೆ ಮಾತ್ರ."

"ಕಾಫಿ ಬೇಡ. ಮಧ್ಯಾಹ್ನದ ಮೇಲೆ ಕುಡಿದ್ರೆ ನಂಗೆ ನಿದ್ದೆ ಬರಲ್ಲ." ಅವನು ಬೇರೆ ಇಟ್ಟಿದ್ದ ಲೋಟದ ಕಡೆ ನೋಡಿ ತಲೆ ತಗ್ಗಿಸಿದ. "ಬೆಳ್ಳುಳ್ಳಿ ಬ್ರೆಡ್ಡು ಅವರೇ, ನಾನೇ ಸಂಜೆ ಬಸ್ಸು."

ಬೋಮಿಯ ಕೈಯಲ್ಲಿದ್ದ ಐಸಿನ ಚಮಚ ಹಾಗೆಯೇ ನಿಂತಿತು. ಮೊದಲು ನಗು ಬಂತು, ಆಮೇಲೆ ಬರೆದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅತ್ತದ್ದು, ಬೈದದ್ದು, ಕೊನೆಯ ಆ ಸಾಲು. ಕುತ್ತಿಗೆಯಿಂದ ನೆತ್ತಿಯವರೆಗೆ ಬೆಂಕಿ ಹತ್ತಿದಂತಾಯಿತು.

"ಹಿಂದೆ ಜನ ಕಾಯ್ತಿದ್ದಾರೆ. ಸರೀರಿ," ಎಂದಳು.

ಅವನು ಸರಿದ, ಹೋಗಲಿಲ್ಲ. ತನ್ನ ಚಹಾ ಮುಟ್ಟದೆ ಟ್ರಕ್ಕಿನ ಪಕ್ಕಕ್ಕೆ ಹೋಗಿ, ಜನ ಬಿಟ್ಟುಹೋದ ಲೋಟ, ಮುಚ್ಚಳ, ಸ್ಟ್ರಾಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕತೊಡಗಿದ. ನಾಯಕನ ಹೆಸರಿಗೆ ಮಾತು ಬರಬಾರದೆಂದು ಜಾಗ ಒಪ್ಪವಾಗಿ ಬಿಟ್ಟುಹೋಗುವುದು ಅಭಿಮಾನಿಗಳ ಮರ್ಯಾದೆ. ಅವನ ಕೈ ಅವಸರ ಮಾಡುತ್ತಿರಲಿಲ್ಲ. ಬೋಮಿ ನೋಡಬಾರದೆಂದುಕೊಂಡರೂ ನೋಡಿದಳು. ಅವನು ತಲೆಯೆತ್ತಿದಾಗಲೆಲ್ಲ ಅವಳ ಕಣ್ಣು ಬ್ಯಾನರಿನ ಮೇಲಿರುತ್ತಿತ್ತು.

ಸರತಿ ಕರಗಿದ ಮೇಲೆ ಅವಳೇ ಇಳಿದು ಬಂದಳು.

"ಹೆಸರೇನು?"

"ದೋ ಸೊಕ್ಜು. ಚುಂಚನ್‌ನಲ್ಲಿ ಸಿಟಿ ಬಸ್ಸು ಓಡಿಸ್ತೀನಿ, ಸಂಜೆ ಪಾಳಿ. ದಿನಾ ಸ್ಟಾಪು ಸ್ಟಾಪಿಗೂ ನಿಲ್ಲಿಸೋನಿಗೆ ರೇಸು ನೋಡಬೇಕು ಅನ್ಸುತ್ತೆ."

"ತಮಾಷೆ ಬೇಡ. ಎಲ್ಲಾ ಹೇಳಿಬಿಟ್ಟೆನಲ್ರೀ ನಿಮಗೆ! ಮೊದಲನೇ ದಿನವೇ ಹೇಳೋಕೆ ಏನಾಗಿತ್ತು?"

"ಮೊದಲನೇ ದಿನ ಎಲ್ಲರೂ ಅಕ್ಕ ಅಂದ್ರು. ಗಂಡಸು ಅಂದ್ರೆ ಹೊರಗೆ ಹಾಕ್ತಾರೆ ಅಂತ ಸುಮ್ಮನಿದ್ದೆ. ಆಮೇಲೆ ನೀವು ಅಳ್ತಾ ಬರೆದ್ರಿ. ಆಗ ಹೇಳಿದ್ರೆ ನೀವು ಅಲ್ಲೇ ನಿಲ್ಲಿಸ್ತಿದ್ರಿ, ಊಟನೂ ಮಾಡ್ತಿರಲಿಲ್ಲ."

"ಮತ್ತೆ ಈಗ ಯಾಕೆ ಹೇಳಿದ್ರಿ? ಹಾಗೇ ಅಕ್ಕನಾಗಿ ಇರಬಹುದಿತ್ತಲ್ಲ, ನಂಗೂ ಗೊತ್ತಾಗ್ತಿರಲಿಲ್ಲ."

ಅವನು ಚೀಲದ ಬಾಯಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

"ನನ್ನ ಹಾಗೆ ಮಾತಾಡೋ ಗಂಡಸು ಸಿಕ್ಕಿದ್ರೆ ಅಂತ ಬರೆದ್ರಲ್ಲ. ಅದನ್ನ ಓದಿದ ಮೇಲೆ ಅಕ್ಕನಾಗಿರೋಕೆ ನನ್ನಿಂದ ಆಗಲಿಲ್ಲ. ನೀವು ಬೈದು ಕಳಿಸಿದ್ರೆ ಹೋಗ್ತೀನಿ. ನೀವು ಹೇಳಿದ್ದು ಒಂದಕ್ಷರ ಯಾರ ಕಿವಿಗೂ ಹೋಗಿಲ್ಲ, ಹೋಗೋದೂ ಇಲ್ಲ."

ಬೋಮಿ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಕೋಪ ಇತ್ತು, ಆದರೆ ಅದರ ತಳದಲ್ಲಿ ಇನ್ನೊಂದಿತ್ತು. ಎದುರಿಗೆ ನಿಂತವನು ಗಂಡಸು, ಅದೂ ಅಪರಿಚಿತ. ಆದರೂ ಅಷ್ಟು ಹೊತ್ತು ಅವಳು ಬೈದದ್ದೆಲ್ಲ ಅವಳ ಸ್ವಂತ ದನಿಯಲ್ಲೇ ಬಂದಿತ್ತು, ಒಂದು ಮಾತೂ ಗಂಟಲಲ್ಲಿ ಸಿಕ್ಕಿಕೊಂಡಿರಲಿಲ್ಲ. ತಾನು ಕಳೆದುಕೊಂಡೆ ಎಂದು ಹೆದರಿದ ಅಕ್ಕ ಎಲ್ಲಿಗೂ ಹೋಗಿರಲಿಲ್ಲ, ಕಸದ ಚೀಲ ಹಿಡಿದು ಇಲ್ಲೇ ನಿಂತಿದ್ದಳು.

"ಹುಟ್ಟಿದ ವರ್ಷ ಯಾವುದು?" ಎಂದು ಕೊನೆಗೆ ಕೇಳಿದಳು. ರೂಮಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಅವನು ಹೇಳಿದ. ಬೋಮಿಯ ಹುಬ್ಬು ಮೇಲೇರಿತು.

"ನನಗಿಂತ ಎರಡು ವರ್ಷ ಚಿಕ್ಕವನಾ! ಇಷ್ಟು ದಿನ ನಿನ್ನನ್ನ ಅಕ್ಕ ಅಕ್ಕ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ನಲ್ಲೋ! ಇನ್ಮೇಲೆ ನೀನು ನನ್ನನ್ನ ಅಕ್ಕ ಅನ್ನು."

"ಅನ್ನಲ್ಲ."

"ಯಾಕೆ? ಮರ್ಯಾದೆ ಇಲ್ವಾ ದೊಡ್ಡವರಿಗೆ?"

"ಮರ್ಯಾದೆ ಎಷ್ಟು ಬೇಕಾದ್ರೂ ಕೊಡ್ತೀನಿ. ಆದ್ರೆ ಅಕ್ಕ ಮಾತ್ರ ಅನ್ನಲ್ಲ."

"ಮತ್ತೇನಂತ ಕರೀತೀಯಾ?"

ಸೊಕ್ಜು ಅವಳನ್ನು ನೇರವಾಗಿ ನೋಡಿದ. ಆ ಊರುಗಳಲ್ಲಿ ಚಿಕ್ಕವನು ದೊಡ್ಡವಳನ್ನು ಬರೀ ಹೆಸರು ಹಿಡಿದು ಕರೆಯುವುದು ಸಣ್ಣ ಧೈರ್ಯವಲ್ಲ.

"ಬೋಮಿ," ಎಂದ.

ಅದೇ ಗಳಿಗೆಗೆ ಗೋಡೆಯಾಚೆ ಎರಡು ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಟ್ರಕ್ಕಿನ ಲೋಟಗಳೆಲ್ಲ ಗಡಗಡ ನಡುಗಿದವು.

ಬೋಮಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿಯ ಬಳಿ ಕೈಯಿಟ್ಟು ಅವನ ಹತ್ತಿರಕ್ಕೆ ಬಾಗಿದಳು.

"ಏನಂದೆ? ಇನ್ನೊಂದು ಸಲ ಹೇಳು."