ಎಡಕ್ಕೆ ಹೋಗದ ಕೆಂಪು ಚುಕ್ಕೆ

ಅರ್ಧ ರಸ್ತೆಯಷ್ಟೇ ಕಾಣುವ ಚಾಲಕನ ಗಾಡಿಗೆ ನಿಮ್ಮ ಮಗುವನ್ನು ಹತ್ತಿಸಿ, ಕೈಬೀಸಿ, ನೆಮ್ಮದಿಯಾಗಿ ಒಳಗೆ ಹೋಗಿ ಕಾಫಿ ಕುಡಿದವರು ನೀವಲ್ಲವೇ?

‘ನಮಗೇನು ಗೊತ್ತಿತ್ತು’ ಎನ್ನುತ್ತೀರಿ. ಕೇಳಿದ್ದರೆ ತಾನೇ ಗೊತ್ತಾಗುವುದು? ಮೌನಿಕಾಳ ತಪ್ಪು ನಿಮ್ಮದಕ್ಕಿಂತ ದೊಡ್ಡದು. ನೋಡುವುದೇ ಅವಳ ಉದ್ಯೋಗವಾಗಿತ್ತು.

ಸುಗಟೂರಿನ ಮೌನಿಕಾ ಕೋಲಾರದ ಒಂದು ಕಣ್ಣಾಸ್ಪತ್ರೆಯಲ್ಲಿ, ದೃಷ್ಟಿ ಕಳೆದುಕೊಂಡವರಿಗೆ ತರಬೇತಿ ಕೊಡುವವಳು. ಅಂದು ವರಾಂಡದಲ್ಲಿ ಎತ್ತರದ ಯುವಕನೊಬ್ಬ ನೇರವಾಗಿ ಅವಳ ಮೇಲೆಯೇ ನಡೆದುಬಂದ. ಭುಜಕ್ಕೆ ಭುಜ ಬಡಿದು, ಅವಳ ಕೈಯಲ್ಲಿದ್ದ ಹಾಳೆಗಳೆಲ್ಲ ನೆಲಕ್ಕೆ ಚೆಲ್ಲಿದವು.

“ಕಣ್ಣು ಕಾಣಲ್ವೇನ್ರೀ?” ಎಂದವನು ಅವನೇ.

ಅವಳಿಗೆ ಸಿಟ್ಟು ಬರಬೇಕಿತ್ತು. ಆದರೆ ಹಾಳೆ ಎತ್ತಿಕೊಡಲು ಬಾಗಿದವನ ಕೈ ಬಲಗಡೆ ಬಿದ್ದವನ್ನಷ್ಟೇ ಆರಿಸುತ್ತಿತ್ತು. ಎಡಗಡೆಯವು ಅವನ ಪಾಲಿಗೆ ಇರಲೇ ಇಲ್ಲ... ಮೌನಿಕಾ ಅವನ ಕಣ್ಣುಗಳನ್ನೇ ನೋಡಿದಳು.

“ನಿಮ್ಮ ತಲೆಗೆ ಪೆಟ್ಟು ಬಿದ್ದಿತ್ತಾ?”

ಅವನ ಮುಖ ಬಿಳಿಚಿಕೊಂಡಿತು. “ಮೆಲ್ಲಗೆ ಮಾತಾಡಿ ಮೇಡಂ. ಯಾರಾದ್ರೂ ಕೇಳಿಸ್ಕೊಂಡಾರು.”

ಅವನು ಯಲ್ದೂರಿನ ಕದಿರೇಶ್. ಸೊಣ್ಣಪ್ಪನವರ ಶಾಲಾ ವ್ಯಾನಿನ ಚಾಲಕ. ಬೈಕಿನಿಂದ ಬಿದ್ದು ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಗಾಯ ಮಾಯಿತು, ಎರಡು ಕಣ್ಣುಗಳಿಗೂ ಎಡಭಾಗದ ನೋಟ ಮಾತ್ರ ಮರಳಲಿಲ್ಲ. ಗಾಡಿ ಮುಟ್ಟಬಾರದೆಂದು ವೈದ್ಯರು ಹೇಳಿದ್ದನ್ನು ಅವನು ಊರಿನಲ್ಲಿ ಯಾರಿಗೂ ತಿಳಿಸಿರಲಿಲ್ಲ. ಬಿದ್ದ ಗಾಯಕ್ಕೆ ರಜೆಯೆಂದಷ್ಟೇ ನಂಬಿದ್ದ ಸೊಣ್ಣಪ್ಪ, ವಾಸಿಯಾಯಿತೆಂದು ಆಸ್ಪತ್ರೆಯಿಂದ ಚೀಟಿ ತಂದರೆ ಗಾಡಿ ಕೊಡುತ್ತೇನೆಂದಿದ್ದರು.

ವಾರಕ್ಕೆ ಮೂರು ದಿನ ತರಬೇತಿ ನಡೆಯಿತು. ವಿ.ಆರ್. ಕನ್ನಡಕ ತೊಟ್ಟರೆ ಅವನ ಮುಂದೆ ಒಂದು ರಸ್ತೆ ತೆರೆದುಕೊಳ್ಳುತ್ತಿತ್ತು. ಎರಡು ಬದಿಯಿಂದಲೂ ಸೈಕಲ್ಲು, ದನ, ಮಕ್ಕಳು ಬರುವರು. ಕಂಡೊಡನೆ ಗುಂಡಿ ಒತ್ತಬೇಕು. ಕನ್ನಡಕದೊಳಗಿನ ಪುಟ್ಟ ಕ್ಯಾಮೆರಾಗಳು ಅವನ ಕಣ್ಣನ್ನು ಹಿಂಬಾಲಿಸುತ್ತಿದ್ದವು. ಅವನು ನೋಡಿದ ಕಡೆಯಲ್ಲಿ ಮೌನಿಕಾಳ ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಚಲಿಸುತ್ತಿತ್ತು. ಹೋದ ನೋಟವನ್ನು ಈ ತರಬೇತಿ ತಂದುಕೊಡದು. ಕಾಣದ ಕಡೆಗೆ ಕಣ್ಣನ್ನು ತಿರುಗಿಸುವುದನ್ನು ಕಲಿಸುತ್ತದೆ, ಅಷ್ಟೇ.

“ಇದನ್ನ ಹಾಕ್ಕೊಂಡ್ರೆ ಜೇನು ಬಿಡ್ಸೋಕೆ ಹೊರಟೋನ ತರ ಕಾಣ್ತೀನಲ್ವಾ?”

“ಜೇನು ಬಿಡ್ಸೋನು ಎರಡೂ ಕಡೆ ನೋಡ್ತಾನೆ. ಎಡಕ್ಕೆ ತಿರುಗ್ಸಿ ಕಣ್ಣು.”

“ನಮ್ಮಮ್ಮನೂ ಇಷ್ಟು ಬೈದಿಲ್ಲ ನೋಡಿ.”

ಅವಳು ನಗುತ್ತಿದ್ದಳು. ಯಾವಾಗಿನಿಂದ ಆ ಮೂರು ದಿನಗಳಿಗಾಗಿಯೇ ಕಾಯತೊಡಗಿದಳೋ, ಅವಳಿಗೂ ತಿಳಿಯಲಿಲ್ಲ.

ಎಂಟನೆಯ ವಾರ, ಒಂದು ಸೋಮವಾರ, ಕದಿರೇಶನಿಗೆ ನೂರಕ್ಕೆ ನೂರು ಅಂಕ ಬಂತು! ಅಂದು ಅವಳು ಚುಕ್ಕೆಯತ್ತ ಕಣ್ಣು ಹಾಯಿಸದೆ, ಏರುತ್ತಿದ್ದ ಅಂಕವನ್ನೇ ನೋಡುತ್ತಿದ್ದಳು. ‘ತರಬೇತಿ ತೃಪ್ತಿಕರ’ ಎಂದು ಬರೆದು, ವೈದ್ಯರಿಗೆ ತೋರಿಸಲು ಹಾಳೆಯನ್ನು ಅವನ ಕೈಗಿತ್ತಳು.

ಸಂಜೆ ಅವನ ಧ್ವನಿಸಂದೇಶ ಬಂತು. “ಮೇಡಂ, ನಿಮ್ಮ ಹಾಳೆ ನೋಡಿ ಸೊಣ್ಣಪ್ಪ ಒಪ್ಕೊಂಬಿಟ್ರು. ನಾಳೆ ಬೆಳಿಗ್ಗೆಯಿಂದಲೇ ಗಾಡಿ.”

ವೈದ್ಯರಿಗೆ ತೋರಿಸಲೇ ಇಲ್ಲವೇ? ಬೆದರಿದ ಮೌನಿಕಾ ಅಂದಿನ ಕಣ್ಚಲನೆಯ ದಾಖಲೆಯನ್ನು ಮೊದಲ ಬಾರಿಗೆ ತೆರೆದಳು. ಹಾಳೆ ಕೊಡುವ ಮುನ್ನವೇ ತೆರೆಯಬೇಕಿತ್ತು.

ಕೆಂಪು ಚುಕ್ಕೆ ನಡುವಿನಲ್ಲಿತ್ತು, ಬಲಕ್ಕೆ ಹೋಯಿತು, ನಡುವಿಗೆ ಮರಳಿತು. ಎಡಕ್ಕೆ... ಒಮ್ಮೆಯೂ ಹೋಗಲಿಲ್ಲ.

ಎಡಗಡೆಯಿಂದ ಬಂದದ್ದನ್ನು ನೋಡದೆಯೇ ಅವನು ಗುಂಡಿ ಒತ್ತಿದ್ದ. ಹುಣಸೆಮರದ ನಂತರ ಸೈಕಲ್ಲು, ಅಂಗಡಿಯ ನಂತರ ಹಸು, ಅದಾದ ಮೇಲೆ ಮಗು. ಎಂಟು ವಾರ ಒಂದೇ ಕ್ರಮ. ಅವನು ಅದನ್ನು ಪದ್ಯದಂತೆ ಕಂಠಪಾಠ ಮಾಡಿದ್ದ. ಕ್ರಮ ಬದಲಿಸದವಳು ಅವಳು. ಬರಿಯ ಅಂಕ ನೋಡಿ ಹಿಗ್ಗಿದವಳೂ ಅವಳೇ.

ಕದಿರೇಶನ ಫೋನು ಸ್ವಿಚ್ ಆಫ್. ವೈದ್ಯರಿಗೆ ಕರೆ ಮಾಡಿ ತಪ್ಪೊಪ್ಪಿಕೊಂಡಳು. “ಮೊದಲು ಅವನನ್ನು ನಿಲ್ಲಿಸಮ್ಮ” ಎಂದರು ಅವರು. ಸೊಣ್ಣಪ್ಪನವರ ನಂಬರು ಅವಳ ಬಳಿ ಇರಲಿಲ್ಲ, ಯಲ್ದೂರಿಗೆ ಆ ರಾತ್ರಿ ಬಸ್ಸೂ ಇರಲಿಲ್ಲ.

ಬೆಳಗಿನ ಮೊದಲ ಬಸ್ಸಿನಲ್ಲಿ ಕುಳಿತವಳಿಗೆ ರಸ್ತೆಯ ಎಡಬದಿಯಲ್ಲದೆ ಬೇರೇನೂ ಕಾಣಲಿಲ್ಲ. ಅಲ್ಲೊಂದು ಮಗು ಚೀಲ ಹೊತ್ತು ನಿಂತಿತ್ತು. ಮುಂದೆ ಇನ್ನಿಬ್ಬರು. ಯಾವ ಮಗುವಿಗೂ ಭಯವಿರಲಿಲ್ಲ. ದೇವರೇ, ಇವರ ಪಾಲಿನ ಭಯವನ್ನೆಲ್ಲ ನನಗೇ ಕೊಟ್ಟುಬಿಟ್ಟೆಯಾ?

ಯಲ್ದೂರಿನಲ್ಲಿ ಸೊಣ್ಣಪ್ಪ ಮನೆಯ ಮುಂದೆ ಹಲ್ಲುಜ್ಜುತ್ತಿದ್ದರು.

“ಅಣ್ಣ, ವ್ಯಾನ್ ಎಲ್ಲಿ?”

“ಮೂರು ಮಕ್ಕಳನ್ನ ಹತ್ತಿಸ್ಕೊಂಡು ಈಗ್ತಾನೆ ಹೋಯ್ತಲ್ಲ. ಏಮಮ್ಮಾ, ಏನಾಯ್ತು?”

“ಕದಿರೇಶ್‌ಗೆ ಎಡಗಡೆ ಕಾಣಲ್ಲ. ನಾನು ಬರೆದಿದ್ದು ತಪ್ಪು.”

“ಹನ್ನೊಂದು ವರ್ಷದಿಂದ ಓಡಿಸ್ತಾವ್ನೆ. ಆ ದಾರಿ ಅವನಿಗೆ ಬಾಯಿಪಾಠ ಕಣಮ್ಮಾ.”

“ದಾರಿ ಬಾಯಿಪಾಠ ಆಗ್ತದೆ ಅಣ್ಣ. ಅಡ್ಡ ಬರೋ ಮಗು ಬಾಯಿಪಾಠ ಆಗ್ತದಾ?”

ಸೊಣ್ಣಪ್ಪನವರ ಕೈಯಿಂದ ಚೊಂಬು ಜಾರಿತು.

ಮೌನಿಕಾ ಓಡಿದಳು. ಸೊಣ್ಣಪ್ಪ ಹಿಂದೆಯೇ ಓಡಿಬಂದರು. ಮಾವಿನ ತೋಪಿನ ತಿರುವು ದಾಟುತ್ತಲೇ ಅವಳು ನಿಂತುಬಿಟ್ಟಳು. ವ್ಯಾನು ರಸ್ತೆಯಂಚಿನಲ್ಲಿ ಓರೆಯಾಗಿ ನಿಂತಿತ್ತು. ಚಾಲಕನ ಬಾಗಿಲು ತೆರೆದಿತ್ತು. ಯಾರೂ ಕಾಣಲಿಲ್ಲ...

ಮುಗಿಯಿತು. ನಾನೇ ಕೊಂದೆ.

ಆಗ ವ್ಯಾನಿನೊಳಗಿನಿಂದ ಮಕ್ಕಳ ಜಗಳ ಕೇಳಿಸಿತು. ಕಿಟಕಿಯ ಸೀಟಿಗಾಗಿ ಕಿತ್ತಾಟ. ಎಣಿಸಿದಳು. ಮೂವರು. ಮೂವರೂ ಕ್ಷೇಮ.

ಕದಿರೇಶ್ ತೋಪಿನ ಬೇಲಿಯ ಪಕ್ಕ ಕುಸಿದು ಕುಳಿತಿದ್ದ. ಬೀಗದ ಕೈ ಮುಷ್ಟಿಯಲ್ಲಿತ್ತು. ಸೊಣ್ಣಪ್ಪ ಮಾತಿಲ್ಲದೆ ಅದನ್ನು ಬಿಡಿಸಿಕೊಂಡು ಮಕ್ಕಳ ಕಡೆ ನಡೆದರು.

“ಯಾರಿಗಾದ್ರೂ ತಾಗಿತಾ?” ಮೌನಿಕಾ ಕೇಳಿದಳು.

“ಇಲ್ಲ. ಎಡಗಡೆ ಯಾರೋ ಇದಾರೆ ಅನ್ನಿಸ್ತು. ನಿಲ್ಲಿಸಿ ನೋಡಿದೆ, ಯಾರೂ ಇಲ್ಲ. ಮುಂದೆ ಹೋದೆ, ಮತ್ತೆ ಹಂಗೇ ಅನ್ನಿಸ್ತು. ಇಲ್ಲಿ ಯಾವುದಾದ್ಮೇಲೆ ಯಾವುದು ಬರ್ತದೆ ಅಂತ ನನಗೆ ಗೊತ್ತಿಲ್ವಲ್ಲ ಮೇಡಂ... ಹೆದರಿಬಿಟ್ಟೆ.”

“ಹೆದರಿದ್ದೇ ಒಳ್ಳೇದಾಯ್ತು.”

“ನಿಮಗೆ ಮೋಸ ಮಾಡ್ದೆ.”

“ಮಕ್ಕಳಿಗೆ ಮಾಡೋಕೆ ಹೊರಟಿದ್ರಿ. ಅದಕ್ಕೆ ನನ್ನ ಸಹಿ ಇತ್ತು.” ಅವಳು ಅವನ ಎಡಕ್ಕೆ ಕುಳಿತಳು. “ಪಾಠ ಮತ್ತೆ ಮೊದಲಿಂದ ಶುರು. ಈ ಸಲ ಕ್ರಮ ದಿನಾ ಬದಲಾಗ್ತದೆ. ಆದ್ರೆ ನಾನಿರಲ್ಲ. ರಜನಿ ಅಂತ ಇನ್ನೊಬ್ರು ಕಲಿಸ್ತಾರೆ.”

ಅವನ ತಲೆ ತಗ್ಗಿತು. “ನನ್ನ ಮುಖ ನೋಡೋಕೂ ಅಸಹ್ಯ ಆಯ್ತಲ್ಲ ನಿಮಗೆ.”

“ಅಲ್ಲ ಕದಿರೇಶ್. ನಿಮಗೆ ಅಂಕ ಹಾಕೋವಾಗ ನನ್ನ ಕೈ ನೆಟ್ಟಗಿರಲ್ಲ. ನೀವು ಗೆಲ್ಲಲಿ ಅಂತ ಅಷ್ಟು ಆಸೆ ನನಗೆ. ಪ್ರೀತಿಸೋಳು ಪರೀಕ್ಷೆ ಮಾಡಬಾರದು.”

ಅವನು ಓರೆಯಾಗಿ ನಿಂತ ವ್ಯಾನಿನತ್ತ ನೋಡಿದ.

“ಮತ್ತೆ ಗಾಡಿ ಓಡಿಸ್ತೀನಾ?”

“ಡಾಕ್ಟ್ರು ಹೇಳಬೇಕು. ಬಹುಶಃ ಇಲ್ಲ.”

“ಗಾಡಿ ಇಲ್ಲದೋನ ಜೊತೆ ಇರ್ತೀರಾ?”

“ನಾನು ಸುಗಟೂರಿಂದ ದಿನಾ ಬಸ್ಸಲ್ಲೇ ಬರೋಳು.”

ಅವನ ತುಟಿಯಂಚಿನಲ್ಲಿ ನಗೆಯೊಂದು ಅಳುಕುತ್ತ ಮೂಡಿತು. ಮೆಲ್ಲನೆ ಎಡಕ್ಕೆ ಕತ್ತು ಹೊರಳಿಸಿದ. ಸಾಲಲಿಲ್ಲ. ಇನ್ನೂ ಹೊರಳಿಸಿದ.

“ಕಾಣ್ತಾ ಇದೀನಾ?”

“ಈಗ ಪೂರ್ತಿ ಕಾಣ್ತೀರಿ. ಅಳ್ತಾ ಇದೀರಾ?”

“ಹೂಂ. ಭಯ ಇನ್ನೂ ಇಳಿದಿಲ್ಲ.”

“ನಂದೂ ಇಳಿದಿಲ್ಲ.” ಅವನು ಅವಳ ಕೈ ಹಿಡಿದ.

ಓದುಗರೇ, ನಾಳೆ ಬೆಳಿಗ್ಗೆ ನಿಮ್ಮ ಮಗುವನ್ನು ಹತ್ತಿಸುವ ಮುನ್ನ ಚಾಲಕನ ಬಳಿ ಒಂದು ನಿಮಿಷ ನಿಲ್ಲಿ. ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತೆಂದು ಮರ್ಯಾದೆಯಿಂದ ಕೇಳಿ. ಅವನು ಉತ್ತರಿಸಲು ತಡವರಿಸಿದರೆ ದಯವಿಟ್ಟು ಬೈಯಬೇಡಿ, ಜೊತೆಗೆ ನಿಂತು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ.