ಹನ್ನೆರಡು ಒಂದು ಕಡೆ, ನಾಲ್ಕು ಒಂದು ಕಡೆ

"ನಾನ ಮಾಡೇನ್ರಿ ಸಾವಕಾರ್ರ. ಕಂಪ್ಯೂಟರಿಗೆ ನಾನ ಕೈ ಹಾಕಿದ್ದೆ."

ಮಿಲ್ಲಿನ ಮೆಷಿನ್ ಆಪರೇಟರ್ ರುದ್ರೇಶ ಹೀಗೆಂದದ್ದೇ ತಡ, ವಾಣಿಶ್ರೀಗೆ ನಿಂತ ನೆಲವೇ ಕುಸಿದಂತಾಯಿತು. ಸುಳ್ಳು! ಹಸಿ ಸುಳ್ಳು! ನಿನ್ನೆ ಸಂಜೆ ಆ ಕಂಪ್ಯೂಟರಿಗೆ ಕೈ ಹಾಕಿದ್ದು ಅವಳೇ. ಇವನು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ನೋಡಿದ್ದನಷ್ಟೆ. ಸ್ಕ್ರೀನಿಗಿಂತ ಅವಳ ಮುಖವನ್ನೇ ಹೆಚ್ಚು ನೋಡಿದ್ದ, ಆ ಮಾತು ಬೇರೆ.

ಗಂಗಾವತಿಯ ಆ ರೈಸ್ ಮಿಲ್ಲಿನ ಮಾಲೀಕ ಪ್ರಭುರಾಜರ ಮುಂದೆ ಎರಡು ಟ್ರೇ ಇದ್ದವು. ಆರಿಸಿದ ಅಕ್ಕಿಯಲ್ಲಿ ಕರಿ ಕಾಳು, ಎಸೆದ ರಾಶಿಯಲ್ಲಿ ಒಳ್ಳೆಯ ಅಕ್ಕಿ! ಹನ್ನೆರಡಕ್ಕೆ ದೊಡ್ಡ ಖರೀದಿದಾರರು ಬರುವವರಿದ್ದರು. ಗಡಿಯಾರ ಆಗಲೇ ಹನ್ನೊಂದು ದಾಟಿತ್ತು.

"ಹಂಗಾರ ನಾಳಿಂದ ಬರಬ್ಯಾಡ ನೀ," ಎಂದರು ಪ್ರಭುರಾಜ. "ಆರು ವರ್ಷ ನಂಬಿದ್ದಕ್ಕ ಛಲೋ ಮಾಡಿದಿ."

ಪಕ್ಕದಲ್ಲಿದ್ದ ಗೋವಿಂದರಾಜರು ನಿಟ್ಟುಸಿರು ಬಿಟ್ಟರು. ಕೊಪ್ಪಳದಲ್ಲಿ ವಾಣಿಶ್ರೀ ಕೆಲಸ ಮಾಡುವ ಸಾಫ್ಟ್‌ವೇರ್ ಆಫೀಸು ಅವರದೇ. "ಇನ್ನೊಂದು ತಪ್ಪಾದ್ರ ನಿನ್ನ ಕೆಲಸ ಹೋತು ನೋಡಬೇ" ಎಂದು ಹೋದ ವಾರವಷ್ಟೇ ಗದರಿದ್ದರು. ಅದನ್ನು ಅವಳು ರುದ್ರೇಶನ ಮುಂದೆ ಹೇಳಿಕೊಂಡು ಅತ್ತಿದ್ದಳು. ಪುಣ್ಯಾತ್ಮ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಈಗ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದಾನೆ!

ಅಕ್ಕಿ ಆರಿಸುವ ಸಾರ್ಟರ್ ಮೆಷಿನ್ನಿನ ಕೆಲಸ ಇಷ್ಟೇ. ಮೇಲಿಂದ ಅಕ್ಕಿ ಸುರಿಯುತ್ತದೆ, ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಕರಿ ಕಾಳು ಕಂಡ ಕೂಡಲೇ ಗಾಳಿಯ ನಳಿಗೆ ಫಟ್ಟೆಂದು ಊದಿ ಅದನ್ನು ಆಚೆ ತಳ್ಳುತ್ತದೆ. ಆದರೆ ಅದನ್ನು ನಡೆಸುವ ಕಂಪ್ಯೂಟರಿನಲ್ಲೇ ಸಿಸಿಟಿವಿ, ಲಾರಿ ತೂಗುವ ವೇಬ್ರಿಡ್ಜು, ಬಿಲ್ಲು ಎಲ್ಲ ಓಡುತ್ತಿದ್ದವು. ಹಾಗಾಗಿ ಆಗಾಗ ಮುಗ್ಗರಿಸುತ್ತಿತ್ತು. ಅದನ್ನು ಕಂಡೇ ಈ ಖರೀದಿದಾರರು ಹೋದ ತಿಂಗಳು ಬರಿಗೈಲಿ ತಿರುಗಿ ಹೋಗಿದ್ದರು. ನಿನ್ನೆ ವಾಣಿಶ್ರೀ ಕಂಪ್ಯೂಟರಿನೊಳಗಿನ ಹದಿನಾರು ಪ್ರೊಸೆಸರ್‌ಗಳನ್ನು ಎರಡು ಗುಂಪು ಮಾಡಿದ್ದಳು. ಹನ್ನೆರಡು ಸಾರ್ಟರ್ ಪ್ರೋಗ್ರಾಮಿಗೆ ಮೀಸಲು, ನಾಲ್ಕು ಉಳಿದೆಲ್ಲದಕ್ಕೆ.

"ಹಮಾಲರ ಗ್ಯಾಂಗ್ ಇದ್ದಂಗ ಅನ್ರಿ," ಎಂದಿದ್ದ ರುದ್ರೇಶ. "ಒಂದು ಗ್ಯಾಂಗಿನ ಲಾರಿಗೆ ಇನ್ನೊಂದು ಗ್ಯಾಂಗು ಕೈ ಹಚ್ಚಂಗಿಲ್ಲ."

"ಸಿದ್ದಾಪುರದ ಹಮಾಲರ ಮೇಸ್ತ್ರಿ ಕಳಕಪ್ಪನ ಮಗಳಿಗೆ ಹಮಾಲಿ ಕಲಸ್ತೀರೇನ್ರಿ?"

"ಕಲಸಾಕ ಅಲ್ರಿ. ನೀವು ನಗ್ತೀರಿ ಅಂತ ಹೇಳ್ದೆ."

ಅವಳು ನಕ್ಕಿದ್ದಳು. ಅವನು ಕಿವಿಯವರೆಗೆ ಕೆಂಪಾಗಿ ನಟ್ಟು ಬೋಲ್ಟು ಹುಡುಕುವ ನೆಪ ಮಾಡಿದ್ದ.

ಈಗ ಅದೇ ಮನುಷ್ಯ ತಲೆ ತಗ್ಗಿಸಿ ಬಾಗಿಲ ಕಡೆ ಹೊರಟಿದ್ದ. ವಾಣಿಶ್ರೀ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಉಳಿಯುತ್ತಿತ್ತು.

"ನಿಂದರ್ರಿ! ಅವರು ಸುಳ್ಳು ಹೇಳಾಕ್ಹತ್ಯಾರ. ಮಾಡಿದ್ದು ನಾನು."

"ಮೇಡಂ, ಸುಮ್ನಿರ್ರಿ!" ರುದ್ರೇಶ ಗದರಿದ.

"ನೀವು ಸುಮ್ನಿರ್ರಿ!"

ಪ್ರಭುರಾಜರು ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಯಾರರ ಮಾಡ್ರಿ. ಹನ್ನೆರಡರೊಳಗ ಸರಿ ಆಗಲಿಲ್ಲಂದ್ರ ಇಬ್ಬರೂ ಈ ಗೇಟಿನೊಳಗ ಕಾಲಿಡಬ್ಯಾಡ್ರಿ."

ವಾಣಿಶ್ರೀ ಕೀಬೋರ್ಡಿನ ಮುಂದೆ ಕೂತಳು. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಹನ್ನೆರಡು ಒಂದು ಕಡೆ, ನಾಲ್ಕು ಒಂದು ಕಡೆ. ಮತ್ತೆಲ್ಲಿ ಎಡವಟ್ಟು? ಹನ್ನೊಂದೂವರೆ. ಹನ್ನೊಂದು ನಲವತ್ತು.

ರುದ್ರೇಶ ಮೆಷಿನ್ನಿಗೆ ಕಿವಿ ಹಚ್ಚಿ ನಿಂತಿದ್ದ. ಆರು ವರ್ಷ ಅದರ ಸದ್ದಿನಲ್ಲೇ ಬದುಕಿದವನು. ಒಮ್ಮೆಲೇ ಕೈ ಎತ್ತಿದ.

"ಕ್ಯಾಮೆರಾ ಬರೋಬ್ಬರಿ ನೋಡ್ತೈತ್ರಿ. ಗಾಳಿ ತಡಾ ಆಗಿ ಊದಾಕ್ಹತ್ತೈತಿ. ಕರಿ ಕಾಳು ದಾಟಿದ ಮ್ಯಾಲ ಫಟ್ ಅಂತೈತಿ."

"ಅಯ್ಯ ನನ್ನ ಬುದ್ಧಿಗಿಷ್ಟು!" ವಾಣಿಶ್ರೀ ಹಣೆ ಚಚ್ಚಿಕೊಂಡಳು.

ಒಂದೇ ಪ್ರೋಗ್ರಾಮಿನೊಳಗೆ ಥ್ರೆಡ್ ಎನ್ನುವ ಹಲವು ಆಳುಗಳು ದುಡಿಯುತ್ತವೆ. ಒಂದು ಕಾಳು ನೋಡಿದರೆ ಇನ್ನೊಂದು ಗಾಳಿ ಊದಿಸುತ್ತದೆ. ಅವಳ ಅಪ್ಪ ಟವೆಲ್ ಕೊಡವಿ ಎದ್ದರೆ ಸಾಕು, ಹಿಂದೆಯೇ ಇಡೀ ಗ್ಯಾಂಗು ಏಳುತ್ತಿತ್ತು. ಅದನ್ನೇ ಕಂಡು ಬೆಳೆದ ಹುಡುಗಿ, ಮುಖ್ಯ ಥ್ರೆಡ್ಡನ್ನು ಹನ್ನೆರಡರ ಗುಂಪಿಗೆ ಕಳಿಸಿದರೆ ಉಳಿದವೂ ಬೆನ್ನು ಹತ್ತುತ್ತವೆ ಎಂದುಕೊಂಡಿದ್ದಳು. ಕಂಪ್ಯೂಟರಿಗೆ ಎಲ್ಲಿಯ ಮೇಸ್ತ್ರಿ, ಎಲ್ಲಿಯ ಮರ್ಯಾದೆ! ಓಡುತ್ತಿದ್ದ ಥ್ರೆಡ್ಡುಗಳಿಗೆ ಒಂದೊಂದಾಗಿ ಹೇಳಬೇಕು. ಹೇಳದೆ ಬಿಟ್ಟ ಗಾಳಿಯ ಥ್ರೆಡ್ಡು ಆ ನಾಲ್ಕರ ಗುಂಪಿನಲ್ಲಿ ಸಿಸಿಟಿವಿ, ಬಿಲ್ಲುಗಳ ನಡುವೆ ಸಿಕ್ಕಿ ತನ್ನ ಪಾಳಿಗಾಗಿ ಕಾಯುತ್ತಿತ್ತು.

ಒಂದೊಂದನ್ನೇ ಹೆಸರು ಹಿಡಿದು ಹನ್ನೆರಡರ ಗುಂಪಿಗೆ ತಂದಳು. ರುದ್ರೇಶ ಅಕ್ಕಿ ಬಿಟ್ಟ. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಪ್ರಭುರಾಜರು ಟ್ರೇಯಲ್ಲಿ ಬೆರಳಾಡಿಸಿದರು. ಎಷ್ಟು ಕೆದಕಿದರೂ ಒಂದು ಕರಿ ಕಾಳೂ ಸಿಗಲಿಲ್ಲ.

"ಸುಳ್ಳು ಹೇಳಿದ್ದಕ್ಕ ನಿನ್ನ ಕಪಾಳಕ್ಕ ಬಾರಿಸಬೇಕಿತ್ತು," ಎಂದರು ರುದ್ರೇಶನಿಗೆ. "ಹೋಗು, ಮೆಷಿನ್ ಕಡೆ ನಿಂದರು."

ಗೋವಿಂದರಾಜರು ಮಾತ್ರ ಕರಗಲಿಲ್ಲ. "ನನ್ನ ಮಾತಂದ್ರ ಮಾತು. ಸೋಮವಾರದಿಂದ ಆಫೀಸಿಗೆ ಬರಬ್ಯಾಡ," ಎಂದು ಕಾರು ಹತ್ತಿದರು.

ಖರೀದಿದಾರರು ನೋಡಿ, ಒಪ್ಪಿ, ಹೋದ ಮೇಲೆ ರುದ್ರೇಶ ಗೇಟಿನ ಬೇವಿನ ಮರದ ಕೆಳಗೆ ಅವಳನ್ನು ತಡೆದ. ಕಣ್ಣು ಕೆಂಪಗಿದ್ದವು.

"ಯಾಕ ಹೇಳಿದ್ರಿ? ನಾ ಎಲ್ಲ್ಯಾರ ಟಂಟಂ ಗಾಡಿ ಓಡಿಸಿ ಬದುಕತಿದ್ದೆ. ಓದಿ ಗಳಿಸಿದ ಕೆಲಸ ಹಿಂಗ ಕಳಕೊಳ್ಳೋದಾ?"

"ಆ ಕೆಲಸ ಇಟ್ಕೊಂಡು ಏನ್ ಮಾಡ್ಲಿರಿ?" ಅವಳ ದನಿ ಒಡೆಯಿತು. "ಇದನ್ನೆಲ್ಲಾ ಕೊಪ್ಪಳದಾಗ ಕುಂತ ಮಾಡಬಹುದಿತ್ತು, ಗೊತ್ತೇನ್ರಿ? ಬರೋ ಜರೂರತ್ತ ಇರಲಿಲ್ಲ. ಮೂರು ತಿಂಗಳು ವಾರಕ್ಕ ಎರಡು ಸಲ ಬಸ್ಸಿನ್ಯಾಗ ನಿಂತು ಬಂದೀನಿ. ಯಾರ್ನ ನೋಡಾಕ ಬಂದೀನಿ ಅನಕೊಂಡೀರಿ? ಆ ಮೆಷಿನ್ನ?"

ರುದ್ರೇಶ ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. ತೊದಲಿದ. "ಸೋಮವಾರ... ಸೋಮವಾರ ನಿಮ್ಮ ಮನಿಗೆ ಬರಲೇನ್ರಿ? ಕಳಕಪ್ಪ ಕಾಕಾರನ್ನ ಕೇಳಾಕ?"

ವಾಣಿಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಎಣ್ಣೆ ಮೆತ್ತಿದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಹುಸಿಗೋಪ ಮಾಡಿದಳು.

"ಸೋಮವಾರದ ತನಕ ಯಾಕ? ಅಪ್ಪ ಇವತ್ತ ಮನ್ಯಾಗ ಅದಾನ. ಅಂಗಿ ಬದಲಿಸ್ಕೊಂಡು ಬರ್ರಿ, ನಾ ಇಲ್ಲೇ ನಿಂತಿರತೀನಿ."