ತ್ರಿವೇಣಿಯ ಬಟನ್ ಟೈರು

“ಹೌದು, ಇದು ನಾನು ಹಾಕ್ಕೊಟ್ಟ ಟೈರೇ” ಎಂದು ಹತ್ತು ಜನರ ಎದುರು ಬಾಯಿಬಿಟ್ಟವನು ಕದಿರೇಶನೇ. ಮಾತು ಮುಗಿಯುವ ಮೊದಲೇ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು ಅವನಿಗೆ.

ಸುಗಟೂರಿನ ಮುನಿಕೃಷ್ಣಪ್ಪನ ಹುಳುಮನೆಯಲ್ಲಿ, ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳು ಮಂಗಳವಾರ ಮಧ್ಯಾಹ್ನದೊಳಗೆ ಹಸಿರು ನೀರು ಕಕ್ಕಿ ಸತ್ತುಬಿದ್ದಿದ್ದವು. ಅವತ್ತು ಬೆಳಿಗ್ಗೆ ಕಿತ್ತು ಹಾಕಿದ ಹಿಪ್ಪುನೇರಳೆ ಸೊಪ್ಪಿಗೆ ಯಾರೋ ವಿಷ ಹೊಡೆದಿದ್ದರು. ಸಾಲಿನ ನಡುವೆ ಹಸಿ ಮಣ್ಣಿನಲ್ಲಿ ಸೈಕಲ್ ಗುರುತಿದೆ ಎಂದು ಮೊದಲು ಕೂಗಿದವನು ಪಕ್ಕದ ಟೊಮೆಟೊ ತೋಟದ ಅನಿಲ್‌ಕುಮಾರ್. ಉಬ್ಬುಬ್ಬು ಗುಂಡಿಗಳ ಅಂಥ ಬಟನ್ ಟೈರು ಊರಿಗೆಲ್ಲ ತ್ರಿವೇಣಿಯ ಸೈಕಲ್ಲಿಗೆ ಮಾತ್ರ ಇತ್ತು. ಖಾತ್ರಿ ಮಾಡಿಕೊಳ್ಳಲು ಬುಧವಾರ ಕೋಲಾರದ ಸೈಕಲ್ ಶಾಪಿನಿಂದ ಕದಿರೇಶನನ್ನು ಕರೆಸಿದ್ದರು.

ತ್ರಿವೇಣಿ ಕೋಲಾರದ ನರ್ಸಿಂಗ್ ಹೋಮೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಡ್ಯೂಟಿ ಬೆಳಿಗ್ಗೆ ಆರಕ್ಕೆ, ಊರಿನ ಮೊದಲ ಬಸ್ಸು ಏಳಕ್ಕೆ. ಸೈಕಲ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅವಳು ಹೋಗುತ್ತಿದ್ದದ್ದು ಮುನಿಕೃಷ್ಣಪ್ಪನ ತೋಟದ ಬದುವಿನ ಮೇಲೆ. ಹೋದ ವಾರ ಅವನು ಆ ದಾರಿಗೆ ಜಾಲಿಮುಳ್ಳು ಹಾಕಿದ್ದ. “ನಿಮ್ಮ ತೋಟ ಹಾಳಾಗಿ ಹೋಗ” ಎಂದು ಅವಳು ಕೂಗಾಡಿದ್ದನ್ನು ಊರೆಲ್ಲ ಕೇಳಿತ್ತು. ಈಗ ಎಲ್ಲರಿಗೂ ಆ ಮಾತೇ ನೆನಪು.

ಅವಳಪ್ಪ ದೊಡ್ಡವೆಂಕಟಪ್ಪ ಒಂದು ಮಾತೂ ವಿಚಾರಿಸದೆ ಸೈಕಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. “ಸಾಯಂಕಾಲ ಡೈರಿ ಹತ್ರ ಎಲ್ಲರ ಮುಂದೆ ಅವರ ಕಾಲು ಹಿಡ್ಕೋ. ಸೈಕಲ್ಲೂ ಸಾಕು, ಕೆಲಸಾನೂ ಸಾಕು” ಎಂದಿದ್ದ.

ಕದಿರೇಶ ನೇರವಾಗಿ ಶ್ಯಾಮಲಮ್ಮನ ಮನೆಗೆ ನಡೆದ. ಮೂವತ್ತು ವರ್ಷ ಸೈಕಲ್ಲಿನಲ್ಲಿ ಟಪಾಲು ಹಂಚಿ ನಿವೃತ್ತಳಾದ ಆಕೆ ಊರಿನವರಿಗೆ ಪೋಸ್ಟಮ್ಮ. ಬೋರ್‌ವೆಲ್ ಕೇಬಲ್ ಕಳುವಾದಾಗಲೂ, ಡೈರಿಯ ಹಾಲಿಗೆ ನೀರು ಸೇರಿದಾಗಲೂ ಕಳ್ಳನನ್ನು ಕೂತಲ್ಲೇ ಹೇಳಿದವಳು ಅವಳೇ. ಅವಳ ಟಪಾಲು ಸೈಕಲ್ಲಿಗೆ ಅಷ್ಟೂ ವರ್ಷ ಪಂಚರ್ ಹಾಕಿದವನು ಕದಿರೇಶ.

“ಏನ್ಲಾ, ಮುಖ ಹಿಂಗ್ಯಾಕೆ ಊದಿದೆ?”

“ನನ್ನ ಬಾಯಿಗೆ ಮಣ್ಣು ಹಾಕ, ಅಕ್ಕಾ. ಆ ಹುಡುಗಿ ಅನ್ನಕ್ಕೆ ನಾನೇ ಕಲ್ಲು ಹಾಕಿದೆ.”

ಅವಳು ಪೂರಾ ಕೇಳಿದಳು. “ಆ ಟೈರು ಯಾಕೆ ಹಾಕಿದ್ದೆ?”

“ಬದು ಮೇಲೆ ಕೆಸರು, ಆಮೇಲೆ ಡಾಂಬರು. ಕೆಸರಲ್ಲಿ ಮುಂದಿನ ಚಕ್ರ ಜಾರಿದ್ರೆ ಮೂಗು ಒಡೀತದೆ. ಅದಕ್ಕೆ ಮುಂದೆ ಬಟನ್. ಹಿಂದೇನೂ ಅದೇ ಬೇಕು ಅಂತ ಹಟ ಮಾಡಿದ್ಳು. ಡಾಂಬರಲ್ಲಿ ಗೊರ್ ಅಂತ ಸದ್ದು ಬರ್ತದೆ, ತುಳಿದೂ ತುಳಿದೂ ಕಾಲು ಬಿದ್ದೋಗ್ತದೆ ಕಣಮ್ಮ ಅಂತ ಬೈದು, ಹಿಂದಕ್ಕೆ ನುಣುಪಿಂದು ಹಾಕ್ದೆ.”

“ಕೊನೇಲಿ ಯಾವಾಗ ಬಂದಿದ್ಳು?”

“ಸೋಮವಾರ. ಅದೇ ಮುಳ್ಳು ಚುಚ್ಚಿ ಮುಂದಿನ ಚಕ್ರ ಪಂಚರ್. ಚಕ್ರ ಬಿಚ್ಕೊಂಡು ಬಸ್ಸಲ್ಲಿ ತಂದಿದ್ಳು. ಕೆಲಸಕ್ಕೆ ತಡ ಆಗಿದ್ದಕ್ಕೆ ಡಾಕ್ಟ್ರು ಇನ್ನೊಂದು ಸಲ ಹಿಂಗಾದ್ರೆ ಬರಬೇಡ ಅಂದವ್ರಂತೆ. ಇವತ್ತು ಬಿಡೋದು ತಡ ಆಗ್ತದೆ, ಊರವರು ಯಾರಾದ್ರೂ ಬಂದ್ರೆ ಕಳಿಸಿ ಅಂದ್ಳು. ಐದು ಗಂಟೆಗೆ ಅನಿಲ ಅವನ ಗಾಡೀಲಿ ಬಂದ, ಒರೆಸಿ ಅವನ ಕೈಲಿ ಕೊಟ್ಟೆ. ರಾತ್ರಿ ಊಟದ ಹೊತ್ತಿಗೆ ಅವಳ ಮನೆಗೆ ಸೇರ್ತಂತೆ.”

ಅದರಲ್ಲಿ ವಿಶೇಷವೇನೂ ಇರಲಿಲ್ಲ. ಊರಿನವರ ಸಾಮಾನು ಊರಿನವರ ಕೈಯಲ್ಲಿ ಹೋಗುವುದು ಆ ಕಡೆಯ ವಾಡಿಕೆ. ಔಷಧಿ, ಹೊಲಿದ ಬಟ್ಟೆ, ರಿಪೇರಿಯಾದ ಮಿಕ್ಸಿ, ಎಲ್ಲವೂ ಹಾಗೇ ಮನೆ ಸೇರುತ್ತಿದ್ದವು.

ತೋಟದಲ್ಲಿ ಮುನಿಕೃಷ್ಣಪ್ಪ ಗುರುತಿನ ಮೇಲೆ ಬಿದಿರಿನ ತಟ್ಟಿಯೊಂದನ್ನು ಮುಚ್ಚಿಟ್ಟಿದ್ದ. ಎರಡೂ ಪಕ್ಕ ಸೊಪ್ಪು ಕಿತ್ತವರ ಹೆಜ್ಜೆಗಳು ತುಂಬಿದ್ದವು. ನಡುವೆ ನೆಟ್ಟಗೆ, ಒಂದೊಂದು ಗುಂಡಿಯೂ ಎಣಿಸುವಷ್ಟು ಸ್ಪಷ್ಟವಾಗಿ ಟೈರಿನ ಗೆರೆ ಹೋಗಿತ್ತು. ಶ್ಯಾಮಲಮ್ಮ ಅದನ್ನು ಬಗ್ಗಿ ನೋಡಿ, ಉಳಿದ ಎಲೆಗಳನ್ನು ಸಾಲುಸಾಲಾಗಿ ಮೂಸಿದಳು. ಟೊಮೆಟೊ ಕಡೆಯ ಮೂರು ಸಾಲಿನ ಎಲೆಗಳ ಮೇಲೆ ಮಾತ್ರ ಬಿಳಿ ಚುಕ್ಕೆಗಳಿದ್ದವು.

“ಅನಿಲ ಔಷಧಿ ಹೊಡೆದಿದ್ನಾ?”

“ಇಲ್ಲಮ್ಮ. ಹೊಡೆಯೋ ಹಿಂದಿನ ದಿನಾನೇ ಹೇಳ್ತಾನೆ, ನಾನು ಆ ಕಡೆ ಸೊಪ್ಪು ಕೀಳಲ್ಲ. ಈ ವಾರ ಹೊಡೆದೇ ಇಲ್ಲ ಅಂದ” ಎಂದ ಮುನಿಕೃಷ್ಣಪ್ಪ. ಎರಡು ದಿನ ಅನ್ನ ಕಾಣದವನ ದನಿಯಾಗಿತ್ತು ಅದು.

ಸಾಯಂಕಾಲ ಹಾಲು ಹಾಕಲು ಬಂದವರೆಲ್ಲ ಡೈರಿಯ ಮುಂದೆ ನಿಂತರು. ತ್ರಿವೇಣಿ ಅತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

“ದೊಡ್ಡವೆಂಕಟಪ್ಪ, ಆ ಕೀಲಿ ಕದಿರೇಶನ ಕೈಗೆ ಕೊಡು” ಎಂದಳು ಶ್ಯಾಮಲಮ್ಮ. “ಲೇ, ಸೈಕಲ್ ತಂದು ತೊಟ್ಟಿ ಪಕ್ಕದ ಕೆಸರಲ್ಲಿ ನೆಟ್ಟಗೆ ತಳ್ಳು.”

ಕದಿರೇಶ ತಳ್ಳಿದ. ಮುಂದಿನ ಚಕ್ರ ಒತ್ತಿದ ಗುಂಡಿಗಳ ಮೇಲೆಯೇ ಹಿಂದಿನ ಚಕ್ರ ಉರುಳಿ, ಅವುಗಳನ್ನು ಅಳಿಸಿಹಾಕಿತು. ಉಳಿದದ್ದು ನುಣುಪು ಪಟ್ಟೆಯೊಂದೇ. ಇದೇ ಕಸುಬಿನಲ್ಲಿ ತಲೆ ನರೆತರೂ ಅದು ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

“ತೋಟದಲ್ಲಿ ಗುಂಡಿಗಳೇ ಉಳಿದವೆ. ಅಂದ್ರೆ ಅಲ್ಲಿ ಸೈಕಲ್ ಹೋಗಿಲ್ಲ, ಮುಂದಿನ ಚಕ್ರ ಒಂದೇ ಉರುಳಿದೆ. ಆ ಚಕ್ರ ಸೈಕಲ್ಲಿಂದ ಬೇರೆಯಾಗಿದ್ದು ಸೋಮವಾರ ಮಾತ್ರ. ದೊಡ್ಡವೆಂಕಟಪ್ಪ, ಅನಿಲ ತಂದುಕೊಟ್ಟಾಗ ಅದು ಹೆಂಗಿತ್ತು?”

“ನೀರು ತೊಟ್ಟಿಕ್ತಿತ್ತು, ನನ್ನ ಪಂಚೆ ನೆಂದೋಯ್ತು. ಪಂಚರ್ ನೋಡೋಕೆ ತೊಟ್ಟೀಲಿ ಅದ್ದುತಾರಲ್ಲ, ಅದಕ್ಕೇ ಅನ್ಕೊಂಡೆ.”

“ಅದ್ದೋದು ಟ್ಯೂಬು, ಯಜಮಾನ್ರೆ” ಎಂದ ಕದಿರೇಶ. “ಟೈರಿಗೆ ನೀರು ಯಾರು ಸೋಕಿಸ್ತಾರೆ? ನಾನು ಒಣಬಟ್ಟೇಲಿ ಒರೆಸಿ ಕೊಟ್ಟಿದ್ದೆ.”

ಅನಿಲನ ಬಾಯಲ್ಲಿ ಸಿಟ್ಟಿಗೆ ತೆಲುಗು ಬಂತು. “ನೇನೇಂ ಚೇಶಾನು? ನಾನೇನು ಮಾಡ್ದೆ? ಕೆಸರಾಗಿತ್ತು, ತೊಳೆದುಕೊಟ್ಟೆ. ಉಪಕಾರ ಮಾಡಿದ್ದೂ ತಪ್ಪಾ?”

“ಗಾಡಿ ಮೇಲೆ ಡಾಂಬರು ರಸ್ತೇಲಿ ಬಂದ ಚಕ್ರಕ್ಕೆ ಕೆಸರು ಎಲ್ಲಿಂದ ಬಂತಪ್ಪ?” ಎಂದು ಶ್ಯಾಮಲಮ್ಮ ಕೇಳಿದಳು.

ಅನಿಲ ಸುತ್ತ ನಿಂತವರ ಮುಖ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ.

“ನಾನೇ ಹೇಳ್ತೀನಿ ಕೇಳಿ” ಎಂದಳು ಶ್ಯಾಮಲಮ್ಮ. “ಸೋಮವಾರ ಮಧ್ಯಾಹ್ನ ಇವನು ಹೇಳದೆ ಕೇಳದೆ ಔಷಧಿ ಹೊಡೆದ. ಗಾಳಿ ತಿರುಗಿ ಮೂರು ಸಾಲಿನ ಮೇಲೆ ಬಿತ್ತು. ಚುಕ್ಕೆ ಇವತ್ತೂ ಅಲ್ಲೇ ಅವೆ. ಸಂಜೆ ಕೋಲಾರದಲ್ಲಿ ತ್ರಿವೇಣಿ ಚಕ್ರ ಕೈಗೆ ಸಿಕ್ತು, ಅವಳ ಜಗಳಾನೂ ನೆನಪಿಗೆ ಬಂತು. ಬರೋ ದಾರೀಲಿ ಚಕ್ರಾನ ಸಾಲಲ್ಲಿ ಉರುಳಿಸಿ, ತೊಳೆದು, ಮನೆಗೆ ಮುಟ್ಟಿಸಿದ. ಮಾರನೇ ದಿನ ಗುರುತು ಮೊದಲು ಕಂಡಿದ್ದೂ ಇವನಿಗೇ.”

“ಬೇಕು ಅಂತ ಮಾಡಿಲ್ಲ” ಎಂದು ಅನಿಲ ತೊದಲಿದ. “ಗಾಳಿ ತಿರುಗ್ತು.”

ಮುನಿಕೃಷ್ಣಪ್ಪ ಅವನ ಅಂಗಿ ಹಿಡಿದ. “ಗಾಳಿ ಬೇಕು ಅಂತ ತಿರುಗಲ್ಲ ಕಣೋ, ಗೊತ್ತು. ರಾತ್ರಿ ಬಂದು ಆ ಸೊಪ್ಪು ಕೀಳಬೇಡಣ್ಣ ಅಂದಿದ್ರೆ ಸಾಕಿತ್ತಲ್ಲೋ. ಹುಳ ಉಳೀತಿದ್ವಲ್ಲೋ. ಬಾಯಿಗೇನು ಬಂದಿತ್ತು ನಿಂಗೆ?” ಅವನು ಗಟ್ಟಿಯಾಗಿ ಅತ್ತುಬಿಟ್ಟ. ಜನ ಬಿಡಿಸಬೇಕಾಯಿತು.

ಗದ್ದಲ ಇಳಿದಾಗ ದೊಡ್ಡವೆಂಕಟಪ್ಪ ತನ್ನದೇ ಎಂಬಂತೆ ಕೀಲಿಗಾಗಿ ಕದಿರೇಶನತ್ತ ಕೈ ಚಾಚಿದ. ಕದಿರೇಶ ಆ ಕೈಯನ್ನು ನೋಡಿದ. ಬೆಳಿಗ್ಗೆಯಿಂದ ಕುದಿಯುತ್ತಿದ್ದದ್ದು ಆಗ ಹೊರಬಂತು.

“ಕ್ಷಮಿಸಿ, ಯಜಮಾನ್ರೆ. ಯಾರ ಸಾಮಾನೋ ಅವರ ಕೈಗೇ ಕೊಡ್ತೀನಿ ಇನ್ಮೇಲೆ. ಇನ್ನೊಬ್ಬರ ಕೈಲಿ ಕೊಟ್ಟು ಬುದ್ಧಿ ಬಂದಿದೆ.”

ತ್ರಿವೇಣಿ ಕೀಲಿ ತೆಗೆದುಕೊಂಡಳು. “ಚಕ್ರ ಒದ್ದೆ ಇದ್ದದ್ದು ನಿನ್ನ ಕೈಗೇ ಗೊತ್ತಿತ್ತಲ್ಲಪ್ಪ” ಎಂದಳು. “ನೀನಾ ಮಾಡಿದ್ದು ಅಂತ ನನ್ನನ್ನ ಒಂದು ಸಲ ಕೇಳಬಾರದಾಗಿತ್ತಾ?”

ಅವಳು ಮುನಿಕೃಷ್ಣಪ್ಪನ ಕಡೆ ತಿರುಗಿದಳು.

“ನಿಮ್ಮ ಹುಳಕ್ಕೆ ಆಗಿದ್ದಕ್ಕೆ ನಂಗೂ ಹೊಟ್ಟೆ ಉರೀತದೆ, ಮಾವ. ಆದ್ರೆ ನಾಳೆ ಐದೂಕಾಲಿಗೆ ಆ ಬದು ಮೇಲೆ ಬರ್ತೀನಿ. ಅಷ್ಟರಲ್ಲಿ ಮುಳ್ಳು ತೆಗೆದಿರಿ.”